ಖಾನಾವಳಿ, ವಸತಿಗೃಹ ಮತ್ತು ಹೋಂಸ್ಟೇ ನಡೆಸುವವರಿಗೆ ಪರವಾನಗಿ ಹಾಗೂ ಕರಾರು ವಿಷಯದಲ್ಲಿ ಕಾನೂನು ನೆರವು ಕೋರಿ ಮನವಿ ಪತ್ರ

ಮಾನ್ಯ ಅಧ್ಯಕ್ಷರು,
ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಗದಗ

ಅರ್ಜಿದಾರರು: ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗದಲ್ಲಿ ಖಾನಾವಳಿ, ಹೋಟೆಲ್, ಧಾಬಾ, ವಸತಿಗೃಹ ಹಾಗೂ ಹೋಂಸ್ಟೇ ನಡೆಸುವವರು

ವಿಷಯ: ಪರವಾನಗಿ ಪಡೆಯುವ ಮುನ್ನ ಹಾಗೂ ಕರಾರಿಗೆ ಸಹಿ ಹಾಕುವ ಮುನ್ನ ಕಾನೂನು ಸಲಹೆ ದೊರಕಿಸುವ ಕುರಿತು

ಖಾನಾವಳಿ ತೆರೆಯಲು ಬೇಕಾದ ಕಾಗದಗಳೆಲ್ಲ ಒಂದೇ ಕಚೇರಿಯಲ್ಲಿ ಸಿಗುವುದಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಂತೆ ಸಣ್ಣ ವಹಿವಾಟಿನವರು ನೋಂದಣಿ ಮಾಡಿಸಬೇಕು, ದೊಡ್ಡವರು ಪರವಾನಗಿ ಪಡೆಯಬೇಕು. ಪಟ್ಟಣದೊಳಗಾದರೆ ಸ್ಥಳೀಯ ಆಡಳಿತದಿಂದ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯಿಂದ ಉದ್ದಿಮೆ ಪರವಾನಗಿ ಬೇಕು. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ ಪ್ರತ್ಯೇಕ. ವಸತಿಗೃಹಕ್ಕೆ ಇನ್ನಷ್ಟು ಸೇರುತ್ತವೆ: ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಸಲ್ಲಿಸಬೇಕು, ಹೋಂಸ್ಟೇಯಾದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಬೇಕು. ಅಡುಗೆಮನೆಯಲ್ಲಿ ಮನೆ ಬಳಕೆಯ 14.2 ಕೆ.ಜಿ. ಸಿಲಿಂಡರ್ ಇಟ್ಟರೆ ತಪ್ಪು, ವಾಣಿಜ್ಯ ಸಿಲಿಂಡರೇ ಆಗಬೇಕು. ಗಿರಾಕಿಗಳಿಗೆ ಸಿನಿಮಾ ಹಾಡು ಹಾಕಿದರೂ 1957ರ ಹಕ್ಕುಸ್ವಾಮ್ಯ ಕಾಯ್ದೆ ಅನ್ವಯಿಸುತ್ತದೆ ಎಂಬುದು ನೋಟಿಸ್ ಬಂದಾಗಲೇ ಹಲವರಿಗೆ ತಿಳಿಯುವುದು.

ಈ ನಿಯಮಗಳು ಅನಗತ್ಯವೆಂದು ಅರ್ಜಿದಾರರು ಹೇಳುವುದಿಲ್ಲ. ಊಟ ಕೊಡುವವರು ಮತ್ತು ಅಪರಿಚಿತರಿಗೆ ಕೋಣೆ ಕೊಡುವವರು ಲೆಕ್ಕಕ್ಕೆ ಸಿಗಲೇಬೇಕು. ತೊಂದರೆ ಇರುವುದು ಬೇರೆಡೆ. ಯಾವ ಕಾಗದ ಮೊದಲು, ಯಾವುದು ಯಾರಿಗೆ ಅನ್ವಯಿಸುವುದಿಲ್ಲ, ನವೀಕರಣ ಯಾವಾಗ ಎಂದು ಹೇಳುವ ಜವಾಬ್ದಾರಿ ಯಾವ ಕಚೇರಿಯದೂ ಅಲ್ಲ. ಆ ಕೆಲಸವನ್ನು ಈಗ ಮಾಡುತ್ತಿರುವವರು ಸೈಬರ್ ಅಂಗಡಿಯವರು ಮತ್ತು ಏಜೆಂಟರು. ಅವರು ಅರ್ಜಿ ತುಂಬಿ ಕೊಡುತ್ತಾರೆ, ಆದರೆ ಅದರಲ್ಲಿ ಬರೆದ ವಿವರಕ್ಕೆ ಹೊಣೆಯಾಗುವವರು ಅಂಗಡಿ ಮಾಲೀಕರೇ.

ಜಾಗದ ಪ್ರಶ್ನೆ ಇದಕ್ಕಿಂತ ಗಂಭೀರ. ಗದಗದಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಯಲ್ಲಿ ಕಾಶಿವಿಶ್ವೇಶ್ವರ ಗುಡಿ ಮತ್ತು ಬ್ರಹ್ಮ ಜಿನಾಲಯ, ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ದೊಡ್ಡಬಸಪ್ಪ ಗುಡಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಇಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿಂದಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಯಂತ್ರಿತ ಪ್ರದೇಶದಲ್ಲಿ ಕಟ್ಟಲು, ದುರಸ್ತಿ ಮಾಡಲು ಪೂರ್ವಾನುಮತಿ ಬೇಕು. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡ ಎಬ್ಬಿಸಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಲಕ್ಕುಂಡಿಯಂಥ ಊರಲ್ಲಿ ಗುಡಿಯ ಗೋಡೆಗೂ ಮನೆಯ ಪಡಸಾಲೆಗೂ ನಡುವೆ ಓಣಿಯೊಂದೇ ಇರುವುದುಂಟು. ಹಿತ್ತಲಲ್ಲಿ ಅತಿಥಿಗಳಿಗೆಂದು ಎರಡು ಕೋಣೆ, ಒಂದು ಶೌಚಾಲಯ ಕಟ್ಟಿಸಬೇಕೆಂದಿರುವವರು ಮೊದಲು ತಿಳಿಯಬೇಕಾದದ್ದು ತಮ್ಮ ಹಿತ್ತಲು ಗೆರೆಯ ಯಾವ ಕಡೆಗೆ ಬರುತ್ತದೆ ಎಂಬುದು. ಪಂಚಾಯಿತಿ ಕೊಡುವ ಕಾಗದ ಎಷ್ಟೇ ಸರಿಯಿದ್ದರೂ ಈ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಇದನ್ನು ತಿಳಿಯದೆ ಹಣ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಕೊಪ್ಪಳ ಜಿಲ್ಲೆಯ ವಿರೂಪಾಪುರ ಗಡ್ಡೆಯೇ ಸಾಕ್ಷಿ. ಹಂಪಿಗೆ ಬರುವ ಪ್ರವಾಸಿಗರನ್ನು ನಂಬಿ ತುಂಗಭದ್ರೆಯ ಆ ನಡುಗಡ್ಡೆಯಲ್ಲಿ ಎದ್ದ ರೆಸಾರ್ಟ್‌ಗಳು ಅಕ್ರಮವೆಂಬ ನಿಲುವನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಅವು ನೆಲಸಮವಾದವು. ವರ್ಷಗಟ್ಟಲೆ ನಡೆದ ಆ ವ್ಯಾಜ್ಯದ ಖರ್ಚಿನ ಮುಂದೆ ಬುನಾದಿ ತೋಡುವ ಮೊದಲು ಕೇಳುವ ಸಲಹೆಯ ಖರ್ಚು ಏನೂ ಅಲ್ಲ.

ಶಿರಹಟ್ಟಿ ಮತ್ತು ಮುಂಡರಗಿ ಕಡೆ ನಿಯಮ ಬೇರೆ ರೂಪದಲ್ಲಿ ಎದುರಾಗುತ್ತದೆ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯಲು ಬರುವ ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿ ಸೇರಿತು. ಅರಣ್ಯದ ಅಂಚಿನ ಹೊಲದಲ್ಲಿ ಹೋಂಸ್ಟೇ ಮಾಡಲು ಹೊರಟವರಿಗೆ 1964ರ ಭೂಕಂದಾಯ ಕಾಯ್ದೆಯಂತೆ ಭೂಪರಿವರ್ತನೆಯ ಪ್ರಶ್ನೆ ಒಂದು, ಪರಿಸರ ಸೂಕ್ಷ್ಮ ವಲಯದ ನಿರ್ಬಂಧದ ಪ್ರಶ್ನೆ ಇನ್ನೊಂದು. ಹುಬ್ಬಳ್ಳಿ–ಹೊಸಪೇಟೆ ಹೆದ್ದಾರಿಯ ಧಾಬಾದವರು ರಸ್ತೆಯಿಂದ ದಾರಿ ತೆರೆಯಲು ಹೆದ್ದಾರಿ ಅಧಿಕಾರಿಗಳ ಅನುಮತಿಯನ್ನೂ ಪಡೆಯಬೇಕು.

ಪರವಾನಗಿಯ ತೊಡಕು ಕಣ್ಣಿಗೆ ಕಾಣುತ್ತದೆ, ಕರಾರಿನದು ಕಾಣುವುದಿಲ್ಲ. ಈ ಭಾಗದ ಬಹುತೇಕ ಖಾನಾವಳಿಗಳು ಬಾಡಿಗೆ ಜಾಗದಲ್ಲಿವೆ, ಮತ್ತು ಕರಾರು ಹನ್ನೊಂದು ತಿಂಗಳದ್ದು. ಕಾರಣ ಗೊತ್ತಿರುವುದೇ: ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು, ಆ ಖರ್ಚು ಇಬ್ಬರಿಗೂ ಬೇಡ. ಬಾಡಿಗೆದಾರರು ನೆಲಕ್ಕೆ ಟೈಲ್ಸ್ ಹಾಕಿಸುತ್ತಾರೆ, ಒಲೆಯ ಕಟ್ಟೆ ಕಟ್ಟಿಸುತ್ತಾರೆ, ಹೊಗೆ ಹೋಗಲು ಕೊಳವೆ ಕೂಡಿಸುತ್ತಾರೆ, ಮೇಲೆ ದೊಡ್ಡ ಮೊತ್ತದ ಡಿಪಾಜಿಟ್ ಇಡುತ್ತಾರೆ. ಈ ಹೂಡಿಕೆಯ ಬಗ್ಗೆ ಸ್ಟಾಂಪ್ ಕಾಗದದಲ್ಲಿ ಒಂದು ಸಾಲೂ ಇರುವುದಿಲ್ಲ. ಅವಧಿ ಮುಗಿದ ಮೇಲೆ ಬಾಯಿಮಾತಿನಲ್ಲೇ ಬಾಡಿಗೆ ಮುಂದುವರಿದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ಅದು ತಿಂಗಳ ಬಾಡಿಗೆ ಆಗುತ್ತದೆ. ಬೇರೆ ಒಪ್ಪಂದವಿಲ್ಲದಿದ್ದರೆ 15 ದಿನದ ನೋಟಿಸಿನಲ್ಲಿ ಬಿಡಿಸಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ವಾಣಿಜ್ಯ ಮಳಿಗೆಗಳ ಪೈಕಿ 14 ಚದರ ಮೀಟರ್ ಮೀರದವುಗಳಿಗೆ ಮಾತ್ರ. ಹತ್ತು ಮಂದಿ ಕುಳಿತು ಉಣ್ಣುವಷ್ಟು ಜಾಗವಿದ್ದು ಹಿಂದೆ ಅಡುಗೆಮನೆಯೂ ಇದ್ದರೆ ಆ ಅಳತೆ ಮೀರಿಯೇ ಹೋಗುತ್ತದೆ. ಹೂಡಿಕೆ ವಾಪಸಿನ ಷರತ್ತು, ಡಿಪಾಜಿಟ್ ಮರಳಿಸುವ ಗಡುವು, ಬಾಡಿಗೆ ಏರಿಕೆಯ ಮಿತಿ ಈ ಮೂರನ್ನು ಬರೆಸಿಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ವಸತಿಗೃಹದವರ ಸಮಸ್ಯೆ ಮೊಬೈಲ್ ಪರದೆಯ ಮೇಲಿದೆ. ಆನ್‌ಲೈನ್ ಬುಕಿಂಗ್ ಕಂಪನಿಗಳ ಕರಾರು ಇಂಗ್ಲಿಷ್‌ನಲ್ಲಿರುತ್ತದೆ, ಪುಟಗಟ್ಟಲೆ ಇರುತ್ತದೆ, ಒಪ್ಪಿಗೆ ಒಂದು ಗುಂಡಿ ಒತ್ತಿದರೆ ಮುಗಿಯುತ್ತದೆ. ಕಮಿಷನ್ ಎಷ್ಟು ಎಂಬುದನ್ನು ಎಲ್ಲರೂ ಕೇಳುತ್ತಾರೆ. ಬುಕಿಂಗ್ ರದ್ದಾದರೆ ನಷ್ಟ ಯಾರದು, ರಿಯಾಯಿತಿಯ ಹಣ ಯಾರ ಪಾಲಿನಿಂದ ಹೋಗುತ್ತದೆ, ವ್ಯಾಜ್ಯ ಬಂದರೆ ಯಾವ ಊರಿನಲ್ಲಿ ಮಧ್ಯಸ್ಥಿಕೆ ಎಂಬುದನ್ನು ಕೇಳುವವರು ಕಡಿಮೆ. ಇದು ಸಣ್ಣ ಊರಿನವರ ಗೊಣಗಾಟವಷ್ಟೇ ಅಲ್ಲ. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಮೇಕ್‌ಮೈಟ್ರಿಪ್–ಗೋಐಬಿಬೊಗೆ 223.48 ಕೋಟಿ ರೂಪಾಯಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ವಿಧಿಸಿತು. ಬೇರೆ ಕಡೆ ಇದಕ್ಕಿಂತ ಕಡಿಮೆ ದರಕ್ಕೆ ಕೋಣೆ ಕೊಡಬಾರದೆಂದು ಹೋಟೆಲುಗಳ ಮೇಲೆ ಹೇರಿದ್ದ ಷರತ್ತು ಆ ಪ್ರಕರಣದ ಮುಖ್ಯ ಅಂಶಗಳಲ್ಲಿ ಒಂದು. ಅಂಥ ಷರತ್ತನ್ನು ಓದಿ ಗುರುತಿಸುವಷ್ಟು ನೆರವು ಗದಗದ ಹತ್ತು ಕೋಣೆಯ ಲಾಡ್ಜಿಗೂ ಬೇಕು.

ಊಟ ಪೂರೈಸಿದ ಬಿಲ್ ತಿಂಗಳುಗಟ್ಟಲೆ ಉಳಿಯುವುದು ಇನ್ನೊಂದು ಹಳೆಯ ಕಥೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಉದ್ಯಮ್ ನೋಂದಣಿ ಇಲ್ಲದವರು ಈ ಹಕ್ಕನ್ನು ಕೇಳಲು ಹೋದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ.

ಅರ್ಜಿದಾರರ ವಾದವಿಷ್ಟು: ಕಾನೂನು ನೆರವು ಈಗ ಮೊಕದ್ದಮೆಯ ನಂತರ ಬರುತ್ತಿದೆ, ಅದು ಸಹಿಯ ಮೊದಲು ಬರಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 2ನೇ ಕಲಮು ಕಾನೂನು ಸೇವೆಯನ್ನು ವಿವರಿಸುವಾಗ ಯಾವುದೇ ಕಾನೂನು ವಿಷಯದಲ್ಲಿ ಸಲಹೆ ಕೊಡುವುದನ್ನೂ ಅದರಲ್ಲಿ ಸೇರಿಸಿದೆ. 12ನೇ ಕಲಮಿನಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಅರ್ಹರು. ರೊಟ್ಟಿ ಬಡಿದು ಮಾರುವ, ಖಾನಾವಳಿ ನಡೆಸುವ ಹೆಣ್ಣುಮಕ್ಕಳು ಈ ಪಟ್ಟಿಯಲ್ಲಿ ಆಗಲೇ ಇದ್ದಾರೆ. ಅದು ಅವರಿಗೆ ತಿಳಿದಿಲ್ಲ ಅಷ್ಟೆ. ಎಲ್ಲ ಹೋಟೆಲ್ ಮಾಲೀಕರಿಗೂ ಪುಕ್ಕಟೆ ವಕೀಲರು ಬೇಕೆಂಬುದು ಬೇಡಿಕೆಯಲ್ಲ. ಕಾಯ್ದೆಯಂತೆ ಅರ್ಹರಾದವರಿಗೆ ಉಚಿತ ಸಲಹೆ, ಉಳಿದವರಿಗೆ ಮಾಹಿತಿ ಮತ್ತು ಮಾದರಿ ಪತ್ರಗಳು ಸಿಕ್ಕರೆ ಸಾಕು.

ಆದ್ದರಿಂದ ಗದಗದ ಪ್ರಾಧಿಕಾರದಲ್ಲಿ ವಾರಕ್ಕೊಮ್ಮೆ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಸಂತೆಯ ದಿನಕ್ಕೆ ಹೊಂದಿಸಿ, ಪರವಾನಗಿ ಮತ್ತು ಕರಾರಿನ ಸಲಹೆಗೆಂದೇ ಒಬ್ಬ ಪ್ಯಾನಲ್ ವಕೀಲರನ್ನು ಕೂಡಿಸಬೇಕು. ಸಂತೆಯ ದಿನ ಏಕೆಂದರೆ ಉಳಿದ ದಿನ ಖಾನಾವಳಿಯವರು ಒಲೆ ಬಿಟ್ಟು ಪಟ್ಟಣಕ್ಕೆ ಬರಲಾರರು. ಲಕ್ಕುಂಡಿಯಲ್ಲಿ ಕಾನೂನು ಸೇವಾ ಕ್ಲಿನಿಕ್ ತೆರೆದು, ನಿಷೇಧಿತ ಮತ್ತು ನಿಯಂತ್ರಿತ ಪ್ರದೇಶದ ಗೆರೆಗಳನ್ನು ಸರ್ವೆ ನಂಬರಿನ ಮೇಲೆ ಗುರುತಿಸಿದ ನಕ್ಷೆಯನ್ನು ಪುರಾತತ್ವ ಇಲಾಖೆಯಿಂದ ತರಿಸಿ ಗ್ರಾಮ ಪಂಚಾಯಿತಿಯ ಗೋಡೆಗೆ ಹಾಕಿಸಬೇಕು. ಎಲ್ಲ ಬೇಡಿಕೆಗಳಲ್ಲಿ ಇದು ಅತ್ಯಂತ ಅಗ್ಗದ್ದು, ಅತ್ಯಂತ ತುರ್ತಿನದೂ ಹೌದು.

ಅಂಗಡಿ ಬಾಡಿಗೆ, ಊಟ ಪೂರೈಕೆ, ಕೋಣೆ ಬುಕಿಂಗ್, ಪ್ರವಾಸಿ ವಾಹನ ಈ ನಾಲ್ಕಕ್ಕೆ ಕನ್ನಡದಲ್ಲಿ ಮಾದರಿ ಕರಾರು ಸಿದ್ಧಪಡಿಸಿ ಉಪನೋಂದಣಿ ಕಚೇರಿಗಳಲ್ಲೂ ಸ್ಟಾಂಪ್ ಬರಹಗಾರರ ಬಳಿಯೂ ಇಡಿಸಬೇಕು. ಉದ್ದಿಮೆ ಪರವಾನಗಿ ತಡವಾದಾಗ 2011ರ ಸಕಾಲ ಕಾಯ್ದೆಯಡಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಮೇಲ್ಮನವಿಗೂ ಅರೆಕಾನೂನು ಸ್ವಯಂಸೇವಕರು ನೆರವಾಗಬೇಕು. ಮೊತ್ತ ಚಿಕ್ಕದು, ಆದರೆ ಅರ್ಜಿ ಯಾರ ಮೇಜಿನಲ್ಲಿ ನಿಂತಿದೆ ಎಂಬುದು ಆ ಮೇಲ್ಮನವಿಯಿಂದ ಬರವಣಿಗೆಯಲ್ಲಿ ದಾಖಲಾಗುತ್ತದೆ.

2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಮಿನಂತೆ ತುರ್ತು ಪರಿಹಾರ ಕೋರದ ವಾಣಿಜ್ಯ ದಾವೆಗೆ ಮೊದಲು ಮಧ್ಯಸ್ಥಿಕೆ ನಡೆಸುವ ಹೊಣೆ ಕಾನೂನು ಸೇವೆಗಳ ಪ್ರಾಧಿಕಾರಗಳಿಗೆ ಬಂದಿದೆ. ಆದರೆ ಅದು ಮೂರು ಲಕ್ಷ ರೂಪಾಯಿ ಮತ್ತು ಮೇಲ್ಪಟ್ಟ ವ್ಯಾಜ್ಯಕ್ಕೆ. ಖಾನಾವಳಿಯ ಡಿಪಾಜಿಟ್, ಮದುವೆ ಊಟದ ಬಾಕಿ, ರದ್ದಾದ ಬುಕಿಂಗ್‌ನ ಮುಂಗಡ ಬಹಳ ಸಲ ಅದಕ್ಕಿಂತ ಕೆಳಗೇ ಇರುತ್ತವೆ. ಇಂಥವನ್ನು ಮೊಕದ್ದಮೆಪೂರ್ವ ಪ್ರಕರಣಗಳಾಗಿ ಲೋಕ ಅದಾಲತ್‌ನಲ್ಲಿ ತೆಗೆದುಕೊಳ್ಳಬೇಕು. ಅಲ್ಲಿಯ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಸಣ್ಣ ಮೊತ್ತಕ್ಕೆ ವರ್ಷಗಟ್ಟಲೆ ಅಲೆಯಲಾರದವರಿಗೆ ಅದೇ ದೊಡ್ಡ ಅನುಕೂಲ.

ಗದಗ ಶಾಸಕ ಎಚ್.ಕೆ. ಪಾಟೀಲರು 2023ರಲ್ಲಿ ರಾಜ್ಯದ ಕಾನೂನು ಮತ್ತು ಪ್ರವಾಸೋದ್ಯಮ ಖಾತೆಗಳೆರಡನ್ನೂ ವಹಿಸಿಕೊಂಡಾಗ ಈ ಎರಡು ಇಲಾಖೆಗಳ ನಡುವಿನ ಕೆಲಸ ಇಲ್ಲಿಂದಲೇ ಮೊದಲಾಗಬಹುದೆಂಬ ನಿರೀಕ್ಷೆ ಹುಟ್ಟಿತ್ತು. ಆ ಕಾರಣಕ್ಕೆ ಈ ಮನವಿಯ ಪ್ರತಿಗಳನ್ನು ಎರಡೂ ಇಲಾಖೆಗಳಿಗೆ, ಜಿಲ್ಲಾಧಿಕಾರಿಗಳಿಗೆ ಹಾಗೂ ಮೂರೂ ತಾಲ್ಲೂಕುಗಳ ಕಾನೂನು ಸೇವೆಗಳ ಸಮಿತಿಗಳಿಗೆ ಸಲ್ಲಿಸಲಾಗಿದೆ. ಮಾಗಡಿ ಕೆರೆಗೆ ಹಕ್ಕಿಗಳು ಬರುವ ಹಂಗಾಮಿಗೆ ಮುನ್ನ ಮೊದಲ ಸಲಹಾ ಶಿಬಿರವನ್ನು ಶಿರಹಟ್ಟಿಯಲ್ಲಿ ನಡೆಸಿ, ಕೈಗೊಂಡ ಕ್ರಮವನ್ನು ಅರ್ಜಿದಾರರಿಗೆ ಲಿಖಿತವಾಗಿ ತಿಳಿಸಬೇಕೆಂದು ಕೋರಲಾಗಿದೆ.