ಒಂದೇ ಪಂಜರದ ಸಹಬಾಳ್ವೆ ಎಂಬ ಭ್ರಮೆ

ಬೆಂಗಳೂರಿನಿಂದ ಹೊಸೂರಿನತ್ತ ಸಾಗುವ ಹೆದ್ದಾರಿಯಲ್ಲಿ, ರಾಜ್ಯದ ಗಡಿಗೆ ಆತುಕೊಂಡಿರುವ ಊರು ಅತ್ತಿಬೆಲೆ. ಆನೇಕಲ್ ತಾಲ್ಲೂಕಿನ ಈ ಭಾಗ ಒಂದು ಕಾಲಕ್ಕೆ ರಾಗಿ ಹೊಲಗಳ, ಕೆರೆಗಳ ಸೀಮೆ. ಕೈಗಾರಿಕೆಗಳು ಬಂದು, ಎಲೆಕ್ಟ್ರಾನಿಕ್ ಸಿಟಿಯ ಸೆರಗು ಹರಡಿದಂತೆಲ್ಲ ಹೊಲಗಳು ನಿವೇಶನಗಳಾದವು. ತೆನೆಗೆ ಎರಗುತ್ತಿದ್ದ ರಾಟವಾಳ, ಗೀಜಗಗಳ ಹಿಂಡು ಕಣ್ಣಿನಿಂದ ದೂರವಾದಾಗ, ಹಕ್ಕಿಯ ಸಂಗಕ್ಕೆ ಹಂಬಲಿಸುವ ಮನಸ್ಸು ತಾರಸಿಯ ಮೇಲಿನ ಜಾಲರಿ ಪಂಜರದತ್ತ ಹೊರಳುವುದು ಸಹಜ. ಬಾಲ ಬಿಚ್ಚಿ ನಿಲ್ಲುವ ಬಿಳಿಯ ಲಕ್ಕಾ ಪಾರಿವಾಳ, ಅದರ ಸುತ್ತ ಪುಟಿಯುವ ಜೀಬ್ರಾ ಫಿಂಚ್, ಲವ್‌ಬರ್ಡ್ ಎಂದೇ ಅಂಗಡಿಗಳಲ್ಲಿ ಮಾರಾಟವಾಗುವ ಬಜರಿಗರ್: ಎಲ್ಲವೂ ಒಂದೇ ಪಂಜರದಲ್ಲಿದ್ದರೆ ನೋಟಕ್ಕೆ ಸೊಗಸು. ಸಾಕುವವರ ಉದ್ದೇಶವೂ ಕೆಟ್ಟದ್ದಲ್ಲ. ಆದರೆ ಈ ಸೊಗಸಿಗೆ ಬೆಲೆ ತೆರುವವರು ಯಾರು?

ತೆರುವುದು ಚಿಕ್ಕ ಹಕ್ಕಿಗಳೇ. ಪಾರಿವಾಳದ ಕೊರಳಿನ ಮೇವುಚೀಲದಲ್ಲಿ ಟ್ರೈಕೊಮೊನಾಸ್ ಎಂಬ ಏಕಕೋಶ ಪರೋಪಜೀವಿ ವಾಸಿಸುತ್ತದೆ. ತಾಯಿತಂದೆಗಳು ಮರಿಗೆ ಉಣಿಸುವ 'ಪಾರಿವಾಳದ ಹಾಲಿ'ನ ಮೂಲಕ ಅದು ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆ. ಅನೇಕ ಪಾರಿವಾಳಗಳು ಅದನ್ನು ಹೊತ್ತೂ ಆರೋಗ್ಯವಾಗಿಯೇ ಇರುತ್ತವೆ. ಪಾರಿವಾಳ ನೀರು ಕುಡಿಯುವಾಗ ಕೊಕ್ಕನ್ನು ಅದ್ದಿ ಹೀರುತ್ತದೆ. ಅದೇ ಬಟ್ಟಲಿನಿಂದ ಗುಟುಕು ಕುಡಿದ ಫಿಂಚ್, ಅದರ ಬಾಯಿಂದ ಉದುರಿದ ಒದ್ದೆ ಕಾಳನ್ನು ತಿಂದ ಬಜರಿಗರ್ ಸೋಂಕಿಗೆ ತುತ್ತಾಗಬಹುದು. ಗರಿ ಉಬ್ಬಿಸಿ ಮಂಕಾಗಿ ಕುಳಿತು, ಮೇವು ನುಂಗಲಾರದೆ ಹಕ್ಕಿ ಸಾಯುತ್ತದೆ. ಪಾರಿವಾಳ ಮಾತ್ರ ಎಂದಿನಂತೆ ಗುಟುರು ಹಾಕುತ್ತಿರುತ್ತದೆ. ಆದ್ದರಿಂದಲೇ ಯಜಮಾನನ ಸಂಶಯ ಅದರ ಮೇಲೆ ಬೀಳುವುದಿಲ್ಲ.

ಲಕ್ಕಾ ಸಾಧುಹಕ್ಕಿ, ಪಂಜರ ವಿಶಾಲವಾಗಿದ್ದರೆ ತೊಂದರೆಯಿಲ್ಲ ಎಂಬ ವಾದವಿದೆ. ವಿಶಾಲ ಪಂಜರ ಜಗಳವನ್ನು ಕಡಿಮೆ ಮಾಡೀತು. ನೀರಿನ ಬಟ್ಟಲು ಒಂದೇ ಆಗಿರುವವರೆಗೆ ರೋಗವನ್ನು ತಡೆಯಲಾರದು. ಪಾರಿವಾಳ ಮೇಲಿನ ಹಲಗೆಯಲ್ಲಿ ಕುಳಿತರೆ ಹಿಕ್ಕೆ ಕೆಳಗಿನ ಮೇವಿಗೆ ಬೀಳುತ್ತದೆ. ರೆಕ್ಕೆಯ ಹುಡಿ ಪಂಜರವನ್ನೆಲ್ಲ ತುಂಬುತ್ತದೆ. ಜೋಳ, ಬಟಾಣಿ ತಿನ್ನುವ ಪಾರಿವಾಳ ನವಣೆಯನ್ನೂ ಬಿಡುವುದಿಲ್ಲ. ನವಣೆಯನ್ನೇ ನಂಬಿದ ಫಿಂಚ್‌ಗೆ ಬಟಾಣಿ ಒಡೆಯಲು ಬಾರದು. ರಾತ್ರಿ ಬೆಕ್ಕು ಸುಳಿದು ಪಾರಿವಾಳ ರೆಕ್ಕೆ ಬಡಿದರೆ ಬೆದರಿದ ಚಿಕ್ಕ ಹಕ್ಕಿಗಳು ಕತ್ತಲಲ್ಲಿ ಜಾಲರಿಗೆ ಅಪ್ಪಳಿಸುತ್ತವೆ. ಇದನ್ನು ಸಹಬಾಳ್ವೆ ಎನ್ನಲಾದೀತೆ?

ಇದು ತಾರಸಿಯ ಮಟ್ಟಿಗೆ ಮುಗಿಯುವ ಮಾತಲ್ಲ. ಬ್ರಿಟನ್ನಿನಲ್ಲಿ 2005ರಲ್ಲಿ ಇದೇ ರೋಗ ಪಾರಿವಾಳದ ಕುಲದಿಂದ ಫಿಂಚ್‌ಗಳಿಗೆ ದಾಟಿದ್ದು ಕಂಡುಬಂತು. 2009ರ ಹೊತ್ತಿಗೆ ಅಲ್ಲಿನ ಗ್ರೀನ್‌ಫಿಂಚ್‌ಗಳ ಸಂಖ್ಯೆ ಸುಮಾರು 43 ಲಕ್ಷದಿಂದ 28 ಲಕ್ಷಕ್ಕೆ ಕುಸಿಯಿತು; 2021ರಲ್ಲಿ ಆ ಹಕ್ಕಿ ಆ ದೇಶದ ಕೆಂಪುಪಟ್ಟಿ ಸೇರಿತು. ಗಾಲಪಗೋಸ್ ದ್ವೀಪಗಳಲ್ಲಿ, ಅಲ್ಲಿನ ಸ್ಥಳೀಯ ಬೆಳವಕ್ಕಿಗೆ ಸೋಂಕು ತಗಲೀತೆಂಬ ಭಯದಿಂದ, ಮನುಷ್ಯ ತಂದು ಬಿಟ್ಟ ಪಾರಿವಾಳಗಳನ್ನು 2007ರ ಹೊತ್ತಿಗೆ ಪೂರ್ತಿಯಾಗಿ ನಿವಾರಿಸಲಾಯಿತು. ತೆರೆದ ಜಾಲರಿಯ ಮೇಲೆ ಬೀದಿ ಪಾರಿವಾಳಗಳು ಬಂದು ಕೂರುವ ಊರುಗಳಲ್ಲಿ ಒಳಗಿನ ರೋಗ ಹೊರಗೆ, ಹೊರಗಿನದು ಒಳಗೆ ಬರಲು ಬಹಳ ದೂರವಿಲ್ಲ.

ಮಲೆನಾಡಿಗೂ ಇದು ಸಂಬಂಧಿಸಿದ ಸಂಗತಿ. ಬಯಲುಸೀಮೆಯ ತಾರಸಿಯಲ್ಲಿ ಕಂಡ ಪಂಜರ ಘಟ್ಟದ ರೆಸಾರ್ಟಿನ ಅಂಗಳಕ್ಕೂ ಏರಬಲ್ಲದು. ಘಟ್ಟವಾದರೋ ನೀಲಗಿರಿ ಕಾಡುಪಾರಿವಾಳದ ತವರು. ಪಶ್ಚಿಮ ಘಟ್ಟ ಮತ್ತು ಆಸುಪಾಸಿನ ಕೆಲವು ಗಿರಿಗಳನ್ನು ಬಿಟ್ಟರೆ ಅದಕ್ಕೆ ಬೇರೆ ನೆಲೆಯಿಲ್ಲ. ಪಂಜರದ ಬೆಂಗಾಲೀಸ್ ಫಿಂಚ್ ಕೂಡ ಬಿಳಿಬೆನ್ನಿನ ರಾಟವಾಳದಿಂದಲೇ ಸಾಕಿ ರೂಪಿಸಿದ ತಳಿ. ಆ ರಾಟವಾಳ ಇಂದಿಗೂ ಮಲೆನಾಡಿನ ತೋಟದಂಚಿನಲ್ಲಿ ಹುಲ್ಲಿನ ಬೀಜ ಹೆಕ್ಕುತ್ತಿದೆ. ಇಂಥ ನೆಲದಲ್ಲಿ ರೋಗ ಬಂದ ಮೇಲೆ ಎಚ್ಚರವಾಗುವುದು ಜಾಣತನವಲ್ಲ.

ಇನ್ನೊಂದು ಅಪಾಯವೂ ಉಂಟು. ಪಂಜರಕ್ಕೆ ಬಣ್ಣ ಬೇಕೆಂಬ ಆಸೆ ಕಾಡಿನ ಬಲೆಗೆ ಗಿರಾಕಿಯನ್ನು ಒದಗಿಸುತ್ತದೆ. ಕೆಂಪು ರಾಟವಾಳದ ಇಂಗ್ಲಿಷ್ ಹೆಸರು 'ಅವಡವಟ್' ಹುಟ್ಟಿದ್ದೇ ಅದನ್ನು ಸಾಗಿಸುತ್ತಿದ್ದ ಅಹಮದಾಬಾದಿನಿಂದ. ಸಾದಾ ರಾಟವಾಳಕ್ಕೆ ಬಣ್ಣ ಬಳಿದು ಮಾರುವ ಚಾಳಿಯೂ ನಮ್ಮ ದೇಶದ್ದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ರಾಟವಾಳ, ದೇಶೀ ಗಿಳಿಗಳನ್ನು ಹಿಡಿಯುವುದು, ಮಾರುವುದು ಅಪರಾಧ. 1990–91ರಿಂದ ದೇಶೀ ಹಕ್ಕಿಗಳ ವ್ಯಾಪಾರಕ್ಕೆ ನಿಷೇಧವಿದೆ. ವಿದೇಶೀ ಹಕ್ಕಿ ಎಂದಾಕ್ಷಣ ಎಲ್ಲವೂ ಮುಕ್ತವಲ್ಲ. ಜಾವಾ ಗುಬ್ಬಿಯಂಥ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಹಕ್ಕಿಗಳನ್ನು ಸಾಕುವವರು 2022ರ ತಿದ್ದುಪಡಿಯಂತೆ ನೋಂದಣಿ ಮಾಡಿಸಬೇಕು. ಪಂಜರಕ್ಕಾಗಿ ಹಿಡಿದು ಹಿಡಿದೇ ಆ ಗುಬ್ಬಿ ತನ್ನ ತವರು ಜಾವಾ, ಬಾಲಿಗಳಲ್ಲಿ ಅಳಿವಿನಂಚಿಗೆ ಸರಿದಿದೆ.

ಹಾಗಾದರೆ ಈಗಾಗಲೇ ಸಾಕಿರುವವರು ಏನು ಮಾಡಬೇಕು? ಪಂಜರದ ಬಾಗಿಲು ತೆರೆದು ಹಾರಿಬಿಡುವುದು ದಯೆಯಲ್ಲ. ಲಕ್ಕಾ ದೂರ ಹಾರಲಾರದು, ಬೆಕ್ಕಿಗೋ ಬಿಜ್ಜುವಿಗೋ ಆಹಾರವಾಗುತ್ತದೆ. ಉಳಿದವು ಬೀದಿಯ ಹಿಂಡನ್ನು ಸೇರುತ್ತವೆ. ಪಾರಿವಾಳಕ್ಕೆ ಬೇರೆ ಪಂಜರ, ಬೇರೆ ನೀರು, ಬೇರೆ ಮೇವು ಇರಲಿ. ಮೇಲೆ ತಗಡಿನ ಚಾವಣಿ ಇರಲಿ. ಹೊಸದಾಗಿ ತಂದ ಹಕ್ಕಿಯನ್ನು ಒಂದು ತಿಂಗಳು ಪ್ರತ್ಯೇಕವಾಗಿಟ್ಟು ಪಶುವೈದ್ಯರಿಗೆ ತೋರಿಸಬೇಕು. ಬಟ್ಟಲನ್ನು ದಿನವೂ ತೊಳೆದು ಒಣಗಿಸಬೇಕು. ಒಣ ನೆಲದಲ್ಲಿ ಆ ಪರೋಪಜೀವಿ ಹೆಚ್ಚು ಕಾಲ ಬದುಕದು. ಇರುವ ಹಕ್ಕಿಗಳ ಆಯುಸ್ಸು ಮುಗಿದ ಮೇಲೆ ಪಂಜರವನ್ನು ಮತ್ತೆ ತುಂಬದಿದ್ದರೆ ಇನ್ನೂ ಒಳಿತು.

ಹಕ್ಕಿಯ ಸಂಗ ಬೇಕೆಂಬವರಿಗೆ ಅದಕ್ಕೂ ಹತ್ತಿರದ ದಾರಿಯಿದೆ. ಆನೇಕಲ್ ಸೀಮೆಯಲ್ಲಿ ಉಳಿದಿರುವ ಕೆರೆಗಳ ಅಂಚಿನಲ್ಲಿ ಜೊಂಡು, ಹುಲ್ಲು ಬೀಜ ಕಟ್ಟುವವರೆಗೆ ನಿಂತಿರಲಿ. 'ಸುಂದರೀಕರಣ'ದ ಹೆಸರಿನಲ್ಲಿ ಅದನ್ನೆಲ್ಲ ಕೆರೆದು ಕಲ್ಲು ಹಾಸುವುದನ್ನು ಊರವರು ಪ್ರಶ್ನಿಸಲಿ. ರಾಟವಾಳ ಬೀಜ ತಿನ್ನಲು ತಾನಾಗಿ ಬರುತ್ತದೆ. ಬರಮಾಡಿಕೊಳ್ಳಲು ಜಾಲರಿ ಬೇಕಿಲ್ಲ, ಜಾಗ ಬೇಕು.