ಹೆಂಡತಿಯ ಸಂಬಳ ಯಾವೂರಿನದು?

ನಮ್ಮಲ್ಲಿ ಸಂಬಳದ ಮೇಲಿನ ಆದಾಯ ತೆರಿಗೆ ಕೇಂದ್ರದ್ದು. ಮೈಸೂರಿನಿಂದ ಪುಣೆಗೆ ವರ್ಗವಾದರೂ ದರ ಅದೇ. ಅಮೆರಿಕದಲ್ಲಿ ಹಾಗಲ್ಲ ನೋಡಿ. ಅಲ್ಲಿ ಬಹುತೇಕ ರಾಜ್ಯಗಳು ತಮ್ಮದೇ ಆದಾಯ ತೆರಿಗೆ ಬೇರೆ ಹಾಕುತ್ತವೆ. ವರ್ಜೀನಿಯಾದಲ್ಲಿ ಉಂಟು, ಟೆಕ್ಸಾಸಿನಲ್ಲಿ ಇಲ್ಲ.

ಟೆಕ್ಸಾಸಿನ ಒಬ್ಬ ನೌಕಾಪಡೆಯವನನ್ನು ವರ್ಜೀನಿಯಾದ ನಾರ್ಫೋಕ್‌ಗೆ ಹಾಕಿದರು ಅಂತಿಟ್ಟುಕೊಳ್ಳಿ. ಅವನ ಸೇನಾ ಸಂಬಳಕ್ಕೆ ವರ್ಜೀನಿಯಾ ಕೈ ಹಾಕುವಂತಿಲ್ಲ. 1942ರಿಂದಲೇ ಆ ರಕ್ಷಣೆ ಇದೆ. ಆದರೆ ಇದ್ದ ಕೆಲಸ ಬಿಟ್ಟು, ಗಂಟುಮೂಟೆ ಕಟ್ಟಿಕೊಂಡು ಜೊತೆಗೆ ಬಂದ ಹೆಂಡತಿ? ಅಲ್ಲಿ ಟೀಚರ್ ಕೆಲಸ ಹಿಡಿದರೆ ಅವಳು ತೆರಿಗೆ ಕಟ್ಟಬೇಕಿತ್ತು. ಅವಳಿಗೆ ರಕ್ಷಣೆ ಸಿಕ್ಕಿದ್ದು 2009ರಲ್ಲಿ. 67 ವರ್ಷ ಸ್ವಾಮಿ!

ಆಗಲೂ ಒಂದು ಷರತ್ತು: ಗಂಡ ಹೆಂಡತಿ ಇಬ್ಬರದ್ದೂ ಒಂದೇ ಕಾಯಂ ರಾಜ್ಯ ಆಗಿರಬೇಕು. ಅದನ್ನು ಸಡಿಲಿಸಿದ್ದು 2018ರ ಕಾನೂನು. 2023ರ ತೆರಿಗೆ ವರ್ಷದಿಂದ ಗಂಡನ ರಾಜ್ಯ, ತನ್ನ ರಾಜ್ಯ, ಪೋಸ್ಟಿಂಗ್ ಆದ ರಾಜ್ಯ, ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬಹುದು.

"ಅಲ್ಲಿನ ರಸ್ತೆ ಬೇಕು, ಶಾಲೆ ಬೇಕು, ತೆರಿಗೆ ಮಾತ್ರ ಬೇಡವಾ?" ಅನ್ನುವವರಿದ್ದಾರೆ. ಊರಿನ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಅವರೂ ತೆರಿಗೆ ಕಟ್ಟುತ್ತಲೇ ಇದ್ದಾರಲ್ಲ! ಅಷ್ಟಕ್ಕೂ ಆ ಊರನ್ನು ಆರಿಸಿದ್ದು ಅವಳಲ್ಲ, ಸೇನೆ.

ಈ ಕಾನೂನಿನ ಹೆಸರಿನಲ್ಲೇ 'ರಿಲೀಫ್' ಅಂತಿದೆ. ನನಗೆ ಸಿಟ್ಟು ಬರೋದೇ ಆ ಪದ ನೋಡಿ. ಬರಗಾಲದಲ್ಲಿ ಗಂಜಿ ಹಾಕಿದ ಹಾಗೆ! ಇದು ಉಪಕಾರ ಅಲ್ಲ, ತಡವಾಗಿ ಬಂದ ನ್ಯಾಯ... ಏನಂತೀರಾ?