ಜನರನ್ನೆಣಿಸುವ ವಿದ್ಯೆ

ಕಳೆದ ತಿಂಗಳು ಒಂದು ಭಾನುವಾರದ ಬೆಳಗ್ಗೆ ನಮ್ಮೂರಾದ ಮಂಚೇನಹಳ್ಳಿಯ ಗೃಹಸ್ಥರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಒಂದು ಕಾಲದಲ್ಲಿ ಅವರು ನಮ್ಮ ಶಿಷ್ಯರೇ. ಹಿಪ್ಪುನೇರಳೆ ಬೆಳೆದು, ರೇಷ್ಮೆಹುಳು ಸಾಕಿ, ಹೊಟ್ಟೆ ಬಟ್ಟೆ ಕಟ್ಟಿ, ಮಗಳನ್ನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್‌ಸಿ. ಪದವಿಯವರೆಗೆ ಓದಿಸಿರುವರು. ಕಾಫಿ ಕುಡಿದು ಲೋಟವನ್ನು ಕೆಳಗಿಟ್ಟ ಮೇಲೆ ಬಂದ ಕಾರಣವನ್ನು ಹೇಳಿದರು.

“ಮೇಷ್ಟ್ರೇ, ಇವಳು ಜನಸಂಖ್ಯಾಶಾಸ್ತ್ರ ಓದಬೇಕಂತೆ. ಮೊದಲು ಮುಂಬಯಿಗೆ, ಆಮೇಲೆ ಆಫ್ರಿಕಕ್ಕೆ ಹೋಗಿ ಸಂಶೋಧನೆ ಮಾಡುತ್ತಾಳಂತೆ. ತಲೆ ಎಣಿಸುವುದಕ್ಕೆ ಅಷ್ಟು ದೂರ ಹೋಗಬೇಕೇ? ನೀವು ಪಾಠ ಮಾಡಿಕೊಂಡೇ ಊರನ್ನೆಲ್ಲಾ ಎಣಿಸಿ ಮುಗಿಸಿದ್ದಿರಲ್ಲ!”

ಮಗಳು ತಲೆ ತಗ್ಗಿಸಿ ಕುಳಿತಿದ್ದಳು. ಆ ಮಾತಿಗೆ ನಾವು ಕೂಡಲೇ ಉತ್ತರ ಕೊಡಲಿಲ್ಲ. ಒಂದು ತಿಂಗಳ ಅವಕಾಶ ಬೇಡಿದೆವು. ಇಂಥ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿ ಹುಟ್ಟಿರಬಹುದಾದುದರಿಂದ ಉತ್ತರವನ್ನು ಈ ಪುಟದಲ್ಲಿಯೇ ಬರೆಯುತ್ತಿರುವೆವು.

ಎಣಿಕೆಯು ನಮ್ಮ ದೇಶಕ್ಕೆ ಹೊಸತಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೋಪನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಮನೆಮನೆಯ ಸ್ತ್ರೀಪುರುಷರ, ಬಾಲವೃದ್ಧರ ಸಂಖ್ಯೆಯನ್ನೂ, ಅವರ ಕಸುಬು, ಆಯವ್ಯಯಗಳನ್ನೂ ಬರೆದಿಡುವುದು ಅವನ ಕರ್ತವ್ಯ. ಆದರೆ ಅದು ಅರಸನಿಗೆ ಬೇಕಾದ ಎಣಿಕೆ. ಈ ಹೆಣ್ಣುಮಗಳು ಕಲಿಯಬೇಕೆಂದಿರುವ ವಿದ್ಯೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಎಷ್ಟು ಮಂದಿ ಇರುವರೆಂಬುದಷ್ಟೇ ಅದರ ಪ್ರಶ್ನೆಯಲ್ಲ. ಎಷ್ಟು ಮಂದಿ ಹುಟ್ಟಿದರು, ಯಾರು ಉಳಿದರು, ಯಾರು ಉಳಿಯಲಿಲ್ಲ, ಏಕೆ ಉಳಿಯಲಿಲ್ಲ ಎಂಬುದು ಅದರ ಪ್ರಶ್ನೆ.

ನಮ್ಮ ಶಿಷ್ಯರು ರೇಷ್ಮೆಯವರಾದುದರಿಂದ ಅವರಿಗೆ ತಿಳಿಯುವಂತೆಯೇ ಹೇಳೋಣ. ನೂರು ಮೊಟ್ಟೆಗೆ ಎಷ್ಟು ಕಿಲೋ ಗೂಡು ಬಂದಿತೆಂದು ಅವರು ಪ್ರತಿ ಬೆಳೆಯಲ್ಲಿಯೂ ಲೆಕ್ಕ ಹಾಕುವರು. ಇಳುವರಿ ಕುಸಿದರೆ ಸುಮ್ಮನಿರುವುದಿಲ್ಲ. ಸುಣ್ಣಕಟ್ಟು ಬಂದಿತೋ, ಹಾಲುತೊಂಡೆ ಬಂದಿತೋ, ಸೊಪ್ಪು ಒದ್ದೆಯಾಗಿತ್ತೋ ಎಂದು ಶೋಧಿಸುವರು. ಹುಳುವಿನ ವಿಷಯದಲ್ಲಿ ನಾವು ಇಷ್ಟು ಎಚ್ಚರವುಳ್ಳವರು. ಸಾವಿರ ಕೂಸುಗಳು ಹುಟ್ಟಿದಲ್ಲಿ ವರ್ಷ ತುಂಬುವುದರೊಳಗೆ ಎಷ್ಟು ತೀರಿಕೊಂಡುವು ಎಂಬ ಲೆಕ್ಕವನ್ನು ಯಾರಾದರೂ ಇಡಬೇಡವೇ?

ಇಡಬೇಕು, ಸರಿ. ಆದರೆ ಹೇಗೆ? ಜನನ ಮರಣಗಳ ದಾಖಲೆಯೇ ಇಲ್ಲದ ದೇಶದಲ್ಲಿ ಏನು ಮಾಡುವುದು? ಈ ತೊಡಕನ್ನು ಬಿಡಿಸಿದವರಲ್ಲಿ ವಿಲಿಯಂ ಬ್ರಾಸ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸರು ಮುಖ್ಯರು. ಅವರು 1948ರಿಂದ ಕೆಲವು ವರ್ಷ ಪೂರ್ವ ಆಫ್ರಿಕದ ಅಂಕಿಅಂಶ ಇಲಾಖೆಯಲ್ಲಿದ್ದರು. ಅವರ ಉಪಾಯ ಅತ್ಯಂತ ಸರಳವಾದುದು. ತಾಯಂದಿರನ್ನು ಎರಡೇ ಪ್ರಶ್ನೆ ಕೇಳಬೇಕು: “ನಿನಗೆ ಎಷ್ಟು ಮಕ್ಕಳು ಹುಟ್ಟಿದರು? ಅವರಲ್ಲಿ ಎಷ್ಟು ಮಂದಿ ಇದ್ದಾರೆ?” ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ತಾಯಂದಿರ ಉತ್ತರವು, ಹುಟ್ಟಿದ ಮಕ್ಕಳಲ್ಲಿ ಎರಡು ವರ್ಷದೊಳಗೆ ಸಾಯುವವರ ಪ್ರಮಾಣವನ್ನು ಸುಮಾರಾಗಿ ತಿಳಿಸುತ್ತದೆ. ಮೂವತ್ತರಿಂದ ಮೂವತ್ತನಾಲ್ಕರವರ ಉತ್ತರವು ಐದು ವರ್ಷದೊಳಗಿನ ಸಾವನ್ನು ತಿಳಿಸುತ್ತದೆ. ಕಡತವಿಲ್ಲದ ದೇಶದಲ್ಲಿ ತಾಯಿಯ ನೆನಪೇ ಕಡತವಾಯಿತು. ಉಷ್ಣವಲಯದ ಆಫ್ರಿಕದ ಜನಸಂಖ್ಯೆಯನ್ನು ಕುರಿತು ಬ್ರಾಸ್ ಮತ್ತು ಸಂಗಡಿಗರು 1968ರಲ್ಲಿ ಪ್ರಕಟಿಸಿದ ಗ್ರಂಥವು ಈ ಶಾಸ್ತ್ರದ ಆಧಾರಗ್ರಂಥಗಳಲ್ಲೊಂದು.

ನಮ್ಮವರ ಕಾಣಿಕೆಯೂ ಇಲ್ಲಿ ಸಣ್ಣದಲ್ಲ. ಸಿ. ಚಂದ್ರಶೇಖರನ್ ಎಂಬ ಭಾರತೀಯ ವಿದ್ವಾಂಸರು ಅಮೆರಿಕದ ಡೆಮಿಂಗ್ ಎಂಬವರೊಡನೆ 1949ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿದರು. ಒಂದು ಸೀಮೆಯ ಜನನಗಳನ್ನು ಇಬ್ಬರು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಬೇರೆಬೇರೆಯಾಗಿ ಬರೆದುಕೊಳ್ಳುವರೆಂದು ಇಟ್ಟುಕೊಳ್ಳಿರಿ. ಇಬ್ಬರ ಪಟ್ಟಿಯಲ್ಲಿಯೂ ಇರುವ ಕೂಸುಗಳು 72. ಮೊದಲನೆಯವರಿಗೆ ಮಾತ್ರ ಸಿಕ್ಕಿದುವು 18. ಎರಡನೆಯವರಿಗೆ ಮಾತ್ರ ಸಿಕ್ಕಿದುವು 8. ಹದಿನೆಂಟನ್ನು ಎಂಟರಿಂದ ಗುಣಿಸಿ, ಎಪ್ಪತ್ತೆರಡರಿಂದ ಭಾಗಿಸಿದರೆ 2 ಬರುತ್ತದೆ. ಇಬ್ಬರ ಕಣ್ಣಿಗೂ ಬೀಳದ ಕೂಸುಗಳು ಇನ್ನೆರಡು ಇರಬೇಕೆಂಬುದು ಅದರ ಅರ್ಥ. ಆಗ ಒಟ್ಟು ನೂರು. ಕಾಣದವರನ್ನೂ ಲೆಕ್ಕಕ್ಕೆ ತರುವ ಈ ಯುಕ್ತಿಯನ್ನು 1970ರ ಆಸುಪಾಸಿನಲ್ಲಿ ಆಫ್ರಿಕದ ಲೈಬೀರಿಯ ದೇಶದಲ್ಲಿಯೂ ಬಳಸಿದರು. ನಮ್ಮ ದೇಶದ ಮಾದರಿ ನೋಂದಣಿ ವ್ಯವಸ್ಥೆಯಲ್ಲಿಯೂ ಹಳ್ಳಿಯಲ್ಲಿರುವ ಒಬ್ಬರು ವರ್ಷವಿಡೀ ಬರೆದಿಡುವರು, ಆರು ತಿಂಗಳಿಗೊಮ್ಮೆ ಮತ್ತೊಬ್ಬರು ಬಂದು ಬೇರೆಯಾಗಿ ವಿಚಾರಿಸುವರು. ಆಮೇಲೆ ಎರಡನ್ನೂ ತಾಳೆ ನೋಡುವರು. ಇದೇ ಚಂದ್ರಶೇಖರನ್ನರು ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ 1951–52ರಲ್ಲಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನದಲ್ಲಿ ಪ್ರಮುಖರಾಗಿದ್ದರು. ಬೆಂಗಳೂರು ನಗರದಲ್ಲಿಯೂ ನಮ್ಮ ನಾಡಿನ ಗ್ರಾಮಾಂತರಗಳಲ್ಲಿಯೂ ನಡೆದ ಆ ಅಧ್ಯಯನದ ವರದಿಯು 1961ರಲ್ಲಿ ಹೊರಬಂದಿತು. ಆಗಿನ ಕಾಲಕ್ಕೆ ಈ ಬಗೆಯ ಅಧ್ಯಯನಗಳಲ್ಲಿ ಅದು ಬಲು ದೊಡ್ಡದು.

ಇಲ್ಲಿಂದ ಆಫ್ರಿಕಕ್ಕೆ ವಿದ್ಯೆ ಹೋದಂತೆಯೇ ಆಫ್ರಿಕದಿಂದ ಇಲ್ಲಿಗೂ ಬಂದಿದೆ. ಈ ವೃತ್ತಿಯಲ್ಲಿ ಒಂದು ಬಾಳು ಹೇಗೆ ಸಾಗುತ್ತದೆಂಬುದಕ್ಕೆ ಜಾನ್ ಕಾಲ್ಡ್‌ವೆಲ್ಲರ ಬಾಳೇ ನಿದರ್ಶನ. 1928ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಹುಟ್ಟಿದ ಇವರು 1960ರ ದಶಕದ ಮೊದಲಲ್ಲಿ ಘಾನಾ ದೇಶದ ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು. ಅನಂತರ ಪತ್ನಿ ಪ್ಯಾಟ್ ಅವರೊಡಗೂಡಿ ನೈಜೀರಿಯದಲ್ಲಿ ವರ್ಷಗಟ್ಟಲೆ ಸಂಶೋಧನೆ ನಡೆಸಿದರು. ಅಲ್ಲಿಯ ಇಬಾದಾನ್ ಪಟ್ಟಣ ಮತ್ತು ಸುತ್ತಣ ಸೀಮೆಯ ತಾಯಂದಿರ ಉತ್ತರಗಳನ್ನು ಪರಿಶೀಲಿಸಿದಾಗ ಅವರಿಗೊಂದು ಸಂಗತಿ ಗೋಚರವಾಯಿತು. ತಂದೆಯ ಸಂಪಾದನೆ, ಊರಿನ ಸೌಕರ್ಯ ಇವೆಲ್ಲಕ್ಕಿಂತಲೂ ತಾಯಿಯ ಶಾಲಾಶಿಕ್ಷಣವು ಮಕ್ಕಳ ಉಳಿವಿನೊಡನೆ ಹೆಚ್ಚಾಗಿ ಹೊಂದಿಕೊಂಡಿತ್ತು. ಇದನ್ನು ಅವರು 1979ರಲ್ಲಿ ಪ್ರಕಟಿಸಿದರು.

ಆದರೆ ಶಾಲೆಯಲ್ಲಿ ಮಗ್ಗಿ ಕಲಿತ ಮಾತ್ರಕ್ಕೆ ಮಗು ಹೇಗೆ ಬದುಕೀತು? ಅಂಕಿಗಳು ಅದನ್ನು ಹೇಳುವುದಿಲ್ಲ. ಈ ಪ್ರಶ್ನೆಯನ್ನು ಮುಂದುವರಿಸಿದುದು ನಮ್ಮ ಕರ್ಣಾಟಕದ ನೆಲದಲ್ಲಿ. ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ.ಎಚ್. ರೆಡ್ಡಿಯವರೂ ಕಾಲ್ಡ್‌ವೆಲ್ ದಂಪತಿಗಳೂ ಕೂಡಿ 1979ರಿಂದ ಬೆಂಗಳೂರಿನ ಪಶ್ಚಿಮಕ್ಕಿರುವ ಒಂದು ದೊಡ್ಡ ಗ್ರಾಮವನ್ನೂ ಅದರ ನೆರೆಯ ಹಳ್ಳಿಗಳನ್ನೂ ಅಧ್ಯಯನ ಮಾಡಿದರು. ಪ್ರಶ್ನಾವಳಿಯೊಂದಿಗೆ ಬಂದು ಹೋಗುವುದಕ್ಕೆ ತೃಪ್ತರಾಗದೆ, ಅದೇ ಮನೆಗಳಿಗೆ ಮತ್ತೆ ಮತ್ತೆ ಹೋಗಿ, ಕುಳಿತು ಮಾತನಾಡಿದರು. ಓದಿದ ಸೊಸೆಯು ಮಗುವಿಗೆ ಜ್ವರ ಬಂದಾಗ ಬಾಯಿ ಬಿಟ್ಟು ಹೇಳುವಳು, ಆಸ್ಪತ್ರೆಗೆ ಒಯ್ಯಬೇಕೆನ್ನುವಳು. ಅವಳು ಓದಿದವಳೆಂಬ ಕಾರಣದಿಂದಲೇ ಅತ್ತೆಯೂ ಆ ಮಾತಿಗೆ ಕಿವಿಗೊಡುವಳು. ಓದದ ಸೊಸೆಯು ಹಿರಿಯರು ನೋಡಿ ನಿರ್ಧರಿಸಲೆಂದು ಕಾಯುವಳು. ಆ ಕಾಯುವಿಕೆಯಲ್ಲಿಯೇ ಮಗುವಿನ ಪ್ರಾಣಕ್ಕೆ ಅಪಾಯ. ಹೆಣ್ಣುಮಕ್ಕಳ ವಿವಾಹದ ವಯಸ್ಸು ಏರಿದುದರ ಕಾರಣಗಳನ್ನೂ ಇವರು ಇದೇ ಹಳ್ಳಿಗಳಲ್ಲಿ ವಿಚಾರಿಸಿದರು. ಮೂವರೂ ಬರೆದ ಗ್ರಂಥವು 1988ರಲ್ಲಿ ಪ್ರಕಟವಾಯಿತು. ಕಾಲ್ಡ್‌ವೆಲ್ಲರಿಗೆ 2004ರಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ಪ್ರಶಸ್ತಿಯು ಬಂದಿತು. 2016ರಲ್ಲಿ ಅವರು ಕಾಲವಾದರು.

ಈ ವಿಷಯವನ್ನು ಓದಿದಾಗ ನಮಗೆ ನಮ್ಮದೇ ಒಂದು ತಪ್ಪು ನೆನಪಾಯಿತು. ಅದನ್ನು ಮರೆಮಾಚುವುದು ಸರಿಯಲ್ಲ.

1991ರ ಜನಗಣತಿಯಲ್ಲಿ ನಾವು ಗಣತಿದಾರರಾಗಿದ್ದೆವು. ಮಂಚೇನಹಳ್ಳಿಯು ಆಗ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿಗೆ ಸೇರಿತ್ತು. ನಮಗೆ ಕೆಲಸ ಸಿಕ್ಕಿ ಮೂರು ವರ್ಷವಾಗಿತ್ತು. ವಯಸ್ಸು ಚಿಕ್ಕದು, ಅವಸರ ದೊಡ್ಡದು. ವಿವಾಹಿತ ಸ್ತ್ರೀಯರಿಗೆ ಹುಟ್ಟಿದ ಮಕ್ಕಳೆಷ್ಟು, ಉಳಿದವರೆಷ್ಟು ಎಂಬ ಪ್ರಶ್ನೆಗಳು ಆ ಬಾರಿ ಇದ್ದುವು. ಊರಾಚೆಯ ಒಂದು ಮನೆಯ ಜಗುಲಿಯಲ್ಲಿ ಕುಳಿತು ಸೊಸೆಯ ವಿಷಯ ಕೇಳಿದೆವು. ಅತ್ತೆಯೇ ಉತ್ತರ ಕೊಟ್ಟಳು. ಆ ಭಾಗದ ವಾಡಿಕೆಯಂತೆ ಅರ್ಧ ತೆಲುಗು, ಅರ್ಧ ಕನ್ನಡ. “ಮೂರು ಸ್ವಾಮಿ, ಮೂರೂ ಅವೆ.” ನಾವು ಬರೆದುಕೊಂಡೆವು. ಬಾಗಿಲ ಮರೆಯಲ್ಲಿ ನಿಂತಿದ್ದ ಸೊಸೆಯು ಮೆಲ್ಲನೆ, “ಐದು” ಎಂದಳು. “ಹೋದದ್ದನ್ನ ಯಾಕೆ ಹೇಳ್ತೀಯ? ಹೆಸರಿಡೋ ಮುಂಚೇನೇ ಹೋದವು” ಎಂದು ಅತ್ತೆ ಗದರಿದಳು. ಸೊಸೆ ಒಳಗೆ ಹೋದಳು. ಬಿಸಿಲು ಏರಿತ್ತು, ಇನ್ನೂ ಹತ್ತು ಮನೆಗಳಿದ್ದುವು. ನಾವು ಬರೆದುದನ್ನು ತಿದ್ದಲಿಲ್ಲ.

ಅತ್ತೆ ಕೆಟ್ಟವಳಲ್ಲ. ಮಕ್ಕಳನ್ನು ಎಣಿಸಿದರೆ ದೃಷ್ಟಿಯಾದೀತು, ಸತ್ತುದನ್ನು ನೆನೆದರೆ ಅಮಂಗಳ ಎಂಬ ಭಾವನೆ ನಮ್ಮೆಲ್ಲರ ಮನೆಗಳಲ್ಲಿಯೂ ಇದ್ದುದೇ. ತಪ್ಪು ಲೇಖನಿ ಹಿಡಿದವರದು. ಎರಡು ಕೂಸುಗಳು ಒಮ್ಮೆ ಮಣ್ಣಿನಲ್ಲಿ, ಮತ್ತೊಮ್ಮೆ ನಮ್ಮ ಕಾಗದದಲ್ಲಿ ಅಳಿಸಿಹೋದುವು. ಮಾದರಿ ನೋಂದಣಿಯಂತೆ ಅದೇ 1991ರಲ್ಲಿ ಕರ್ಣಾಟಕದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 77 ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದುವು. 2020ರಲ್ಲಿ ಅದು 19ಕ್ಕೆ ಇಳಿಯಿತು. ಲಸಿಕೆ, ಆಸ್ಪತ್ರೆಯ ಹೆರಿಗೆ, ರಸ್ತೆ, ಶಾಲೆ ಎಲ್ಲವೂ ಇದಕ್ಕೆ ಕಾರಣ. ಆದರೆ ಸಾವು ಎಲ್ಲಿ ಹೆಚ್ಚೆಂದು ತಿಳಿಯದೆ ದಾದಿಯನ್ನು ಯಾವ ಊರಿಗೆ ಕಳುಹಿಸುವುದು? ಬರೆಯದೆ ಬಿಟ್ಟ ಮರಣಕ್ಕೆ ಔಷಧವನ್ನು ಯಾರೂ ಹುಡುಕರು.

ಆಫ್ರಿಕದಲ್ಲಿ ಈ ಕೆಲಸದ ಫಲವೇನೆಂದು ನಮ್ಮ ಶಿಷ್ಯರು ಕೇಳಿಯಾರು. ಘಾನಾ ದೇಶದ ಉತ್ತರಕ್ಕೆ ನವ್ರೊಂಗೊ ಎಂಬ ಊರಿದೆ. 1989ರಿಂದ 1991ರವರೆಗೆ ಆ ಸೀಮೆಯ ಚಿಕ್ಕ ಮಕ್ಕಳಲ್ಲಿ ಕೆಲವರಿಗೆ ನಾಲ್ಕು ತಿಂಗಳಿಗೊಮ್ಮೆ ಎ ಜೀವಸತ್ವವನ್ನು ಕೊಟ್ಟು, ಮನೆಮನೆಯ ಜನನ ಮರಣಗಳನ್ನು ಬರೆದಿಟ್ಟು ನೋಡಿದರು. ಪಡೆದ ಮಕ್ಕಳಲ್ಲಿ ಮರಣವು ನೂರಕ್ಕೆ 19ರಷ್ಟು ಕಡಮೆಯಾಗಿತ್ತು. ಮನೆಮನೆಯನ್ನೂ ತಪ್ಪದೆ ಎಣಿಸಿದ್ದರಿಂದಲೇ ಇದು ತಿಳಿದುದು.

ಹಾಗೆಂದು ಈ ದಾರಿ ಸುಗಮವಲ್ಲ. ಮುಂಬಯಿಯಲ್ಲಿ 1956ರಲ್ಲಿ ಸ್ಥಾಪಿತವಾದ ಜನಸಂಖ್ಯಾ ಶಿಕ್ಷಣಸಂಸ್ಥೆಯಿದೆ. ಘಾನಾದ ಲೆಗಾನ್‌ನಲ್ಲಿ 1972ರಲ್ಲಿ ಆರಂಭವಾದ ಇಂಥದೇ ಸಂಸ್ಥೆಯಿದೆ. ಪದವಿಗೆ ಕೆಲವು ವರ್ಷ, ಹಳ್ಳಿಗಳಲ್ಲಿ ಅಲೆದಾಟಕ್ಕೆ ಕೆಲವು ವರ್ಷ, ಲೆಕ್ಕ ತಾಳೆ ನೋಡುವುದಕ್ಕೆ ಮತ್ತೆ ಕೆಲವು ವರ್ಷ ಬೇಕು. ಪರರ ಭಾಷೆಯನ್ನು ಕಲಿಯಬೇಕು. ಹೇಳಿದವರ ಗುಟ್ಟನ್ನು ಕಾಪಾಡಬೇಕು. ಸತ್ತ ಮಗುವಿನ ವಿಷಯವನ್ನು ತಾಯಿಯಲ್ಲಿ ಕೇಳುವಾಗ ದನಿಯನ್ನು ತಗ್ಗಿಸಬೇಕು. ಹಣವೂ ಕೀರ್ತಿಯೂ ಬೇಗ ಬರತಕ್ಕವಲ್ಲ.

ಇಷ್ಟನ್ನೂ ಬರೆದು ಮನೆಯಾಕೆಗೆ ಓದಿ ಹೇಳಿದೆವು. ಆಕೆ ಅಕ್ಕಿ ಆರಿಸುತ್ತಲೇ ಹೇಳಿದಳು: “ನಿಮ್ಮ ಬದಲು ಆ ಹುಡುಗಿ ಹೋಗಿದ್ದರೆ ಜಗುಲಿಯಲ್ಲಿ ಕೂರುತ್ತಿರಲಿಲ್ಲ, ಅಡುಗೆಮನೆಗೇ ಹೋಗುತ್ತಿದ್ದಳು. ಸೊಸೆ ಐದನ್ನೂ ಹೇಳುತ್ತಿದ್ದಳು.” ನಮ್ಮ ಇಡೀ ಲೇಖನಕ್ಕಿಂತ ಈ ಮಾತೇ ತೂಕದ್ದೆಂದು ತೋರಿತು.

ಸಂಸ್ಕೃತದಲ್ಲಿ ಸಂಖ್ಯಾ ಎಂಬ ಶಬ್ದವು ಖ್ಯಾ ಎಂಬ ಧಾತುವಿನಿಂದ ಬಂದುದು. ಆ ಧಾತುವಿಗೆ ಹೇಳುವುದೆಂದೇ ಅರ್ಥ. ಚೆನ್ನಾಗಿ ಹೇಳಿದುದೇ ಸಂಖ್ಯೆ. ಮೂವತ್ತಕ್ಕೂ ಹೆಚ್ಚು ವರ್ಷ ಸಂಸ್ಕೃತಪಾಠ ಹೇಳಿದ ನಮಗೆ ಈ ಅರ್ಥವು ಮನಸ್ಸಿಗೆ ಇಳಿದುದು ಈಗ.

ಆದುದರಿಂದ ನಮ್ಮ ಶಿಷ್ಯರಿಗೆ ನಮ್ಮ ಉತ್ತರವಿಷ್ಟೇ: ಮಗಳನ್ನು ಕಳುಹಿಸಿರಿ. ದೂರವೆಂದು ಅಂಜಬೇಡಿರಿ, ನೈಜೀರಿಯದ ಮನೆಗಳಲ್ಲಿ ಹುಟ್ಟಿದ ಪ್ರಶ್ನೆಯು ಕರ್ಣಾಟಕದ ಹಳ್ಳಿಯವರೆಗೆ ಬಂದಿದೆ, ನಮ್ಮ ಮಗಳು ಅಲ್ಲಿಯವರೆಗೆ ಹೋಗಲಾರಳೇ? ಹೋಗುವ ಮುನ್ನ ಒಂದು ದಿನ ನಮ್ಮ ಮನೆಗೆ ಕರೆತನ್ನಿರಿ. ಆ ಊರಾಚೆಯ ಮನೆ ಎಲ್ಲಿದೆಯೆಂದು ಅವಳಿಗೆ ತೋರಿಸಬೇಕೆಂದಿದ್ದೇವೆ.

ಉಳಿದ ವಾಚಕರಲ್ಲಿ ಒಂದು ಬಿನ್ನಹ. 2027ರ ಗಣತಿಯಾಗಲಿ, ಬೇರೆ ಯಾವ ಸಮೀಕ್ಷೆಯಾಗಲಿ, ನಿಮ್ಮ ಬಾಗಿಲಿಗೆ ಬಂದಾಗ ಸೊಸೆಯ ವಿಷಯವನ್ನು ಸೊಸೆಯೇ ಹೇಳಲಿ. ಹೆಸರಿಡುವ ಮುಂಚೆ ಹೋದ ಕೂಸಿದ್ದರೆ ಅದನ್ನೂ ಹೇಳಲಿ. ಗದರಬೇಡಿರಿ.